ಹಳೇ ಕಣದ ಥ್ರೋಬಾಲು

ಹೋದ ಭಾನುವಾರದಿಂದ ನನ್ನ ಬಾಯಿ ನಿಂತಿಲ್ಲ. ಹಾಲಿನ ಬೂತಲ್ಲಿ ಹೇಳಿದೆ, ಹೂವು ಮಾರೋಳಿಗೆ ಹೇಳಿದೆ, ಸಿಲಿಂಡರು ಹೊತ್ಕೊಂಡು ಬಂದವರಿಗೆ ಅದನ್ನ ಕೆಳಗೆ ಇಳಿಸೋಕೂ ಬಿಡದೆ ಹೇಳಿದೆ. ಕೇಳಿದವರೆಲ್ಲ ಕೊನೆಗೆ ಒಂದೇ ಮಾತು ಕೇಳ್ತಾರೆ, "ಗೆದ್ರಾ ಅಜ್ಜಿ?" ಅಂತ. ನಾನು "ಇಲ್ಲಪ್ಪ, ಸೋತ್ರು!" ಅಂತ ನಕ್ಕೊಂಡು ಹೇಳ್ತೀನಿ. ಅವರು ನನ್ನ ಮುಖಾನ ಒಂದು ಥರ ನೋಡ್ಕೊಂಡು ಹೋಗ್ತಾರೆ. ನಮ್ಮ ಯಜಮಾನರಂತೂ, "ಕೊಡಿಗೇಹಳ್ಳಿಲಿ ಇನ್ನು ಕೇಳದೆ ಉಳಿದಿರೋದು ರೈಲ್ವೆ ಗೇಟೊಂದೇ, ಅದ್ಕೂ ಒಂದ್ಸಲ ಹೇಳ್ಬಿಟ್ಟು ಬಂದ್ಬಿಡು" ಅಂದ್ರು.

ಹೇಳೋಕೆ ಕಿವಿಗಳು ಮುಗಿದ್ವು, ಅದಕ್ಕೇ ಬರೀತಿದೀನಿ. ನಾನು ಓದಿರೋದು ಮೂರನೇ ಕ್ಲಾಸು. ಒತ್ತಕ್ಷರ ಬಂದಾಗ ಕೈ ಈಗಲೂ ತಡೆಯುತ್ತೆ. ಆದರೆ ಹೇಳಬೇಕಾಗಿರೋದು ಹೊಟ್ಟೆ ತುಂಬ ಇದೆ. ಹದಿಮೂರು ವರ್ಷದ ನನ್ನ ಮೊಮ್ಮಗಳು ಹೋದ ಭಾನುವಾರ ನಮ್ಮ ಹಳೇ ಕಣದಲ್ಲಿ ಥ್ರೋಬಾಲ್ ಮ್ಯಾಚ್ ಆಡಿದಳು. ಅಷ್ಟೇ ವಿಷಯ. ಅದರಲ್ಲಿ ಅಂಥಾದ್ದೇನಿದೆ ಅಂದ್ರೆ, ಅದಕ್ಕೆ ಮೊದಲು ಕಣದ ಕಥೆ ಹೇಳಬೇಕು.

ಕಣ ಅಂದ್ರೆ ರಾಗಿ ಒಕ್ಕೋ ಜಾಗ. ನಮ್ಮ ಮನೆ ಹಿಂದಕ್ಕೇ ಇದೆ. ಹೊಲ ಎಲ್ಲ ಸೈಟಾಗಿ, ಸೈಟೆಲ್ಲ ಬಿಲ್ಡಿಂಗಾಗಿ, ಈಗ ಮೂರು ಕಡೆ ನಾಲ್ಕು ನಾಲ್ಕು ಅಂತಸ್ತು ಎದ್ದು ನಿಂತಿವೆ. ಮಧ್ಯದಲ್ಲಿ ಕಣ ಮಾತ್ರ ಖಾಲಿ. ಯಜಮಾನರು ಅದನ್ನ ಯಾರಿಗೂ ಬಿಟ್ಟುಕೊಟ್ಟಿಲ್ಲ. "ಅನ್ನ ಕೊಟ್ಟ ನೆಲ, ಅದರ ಮೇಲೆ ಲಿಫ್ಟ್ ಕೂರಿಸಲ್ಲ" ಅಂತ ಅವರ ಹಟ. ರಾಗಿ ತೆನೆ ಮೇಲೆ ಎತ್ತು ಎಳೀತಿದ್ದ ದಪ್ಪ ಕಲ್ಲಿನ ಗುಂಡೂ ಮೂಲೆಯಲ್ಲಿ ಹಂಗೇ ಬಿದ್ದಿದೆ. ತಲೆ ಮೇಲೆ ವಿಮಾನ, ಆಚೆ ಕಡೆ ಏರ್‌ಪೋರ್ಟ್ ರೋಡಿನ ಸದ್ದು, ಈಚೆ ಕಡೆ ಆ ಗುಂಡು.

ನಾನು ಹುಟ್ಟಿದ್ದೂ ಇದೇ ಊರಲ್ಲಿ, ಮೂರು ಮನೆ ಆಚೆಗೆ. ಯಜಮಾನರು ನನ್ನ ಸೋದರತ್ತೆ ಮಗ. ಅಂದ್ರೆ ಸೊಸೆಯಾಗಿ ಬರೋಕೆ ಎಷ್ಟೋ ಮುಂಚಿನಿಂದ ಈ ಕಣ ನನಗೆ ಗೊತ್ತು. ಒಕ್ಕಣೆ ಇಲ್ಲದ ದಿನಗಳಲ್ಲಿ ಊರ ಮಕ್ಕಳೆಲ್ಲ ಇಲ್ಲೇ. ನಾನು ಆಡ್ತಿದ್ದಿದ್ದು ಚಿನ್ನಿದಾಂಡು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸ್ಕೊಂಡು ದಾಂಡು ಬೀಸಿದ್ರೆ ಚಿನ್ನಿ ಹೋಗಿ ಹುಣಸೆ ಮರದ ಆಚೆಗೆ ಬೀಳ್ತಿತ್ತು. ಸೋತೋರು ಒಂದು ಕಾಲಲ್ಲಿ ಕುಂಟ್ಕೊಂಡು ಕಣ ಸುತ್ತಬೇಕು, ಅದು ನಮ್ಮ ಕಾನೂನು. ಅಲ್ಲಿ ಹೆಚ್ಚಾಗಿ ಕುಂಟ್ತಿದ್ದವರು ಯಾರು ಅಂದ್ರೆ, ಈಗ ನನ್ನ ಪಕ್ಕದಲ್ಲಿ ಕೂತು ಕಾಫಿ ಹೀರ್ತಿರೋ ಈ ನಮ್ಮ ಯಜಮಾನರು. "ಸುಳ್ಳು ಬರೀಬ್ಯಾಡ" ಅಂತಿದಾರೆ. ಸುಳ್ಳಲ್ಲ.

ದೀಪ ಹಚ್ಚೋ ಹೊತ್ತಿಗೆ ನಮ್ಮವ್ವ ಹಿತ್ತಲಲ್ಲಿ ನಿಂತು ಕೂಗೋಳು, "ಅಮ್ಮಿ, ಒತ್ತು ಮುಳುಗ್ತು, ಬಾ ಒಳೀಕೆ!" ನಾನು ತಿರುಗಿ ನೋಡದೆ, "ಇನ್ನೊಂದೇ ಆಟ ಕಣವ್ವ!" ಅಂತಿದ್ದೆ. ಆ ಇನ್ನೊಂದೇ ಆಟ ನಾಲ್ಕು ಆಟ ಆಗ್ತಿತ್ತು.

ಒಂದು ದಿನ ಮೈನೆರೆದೆ. ಹಿತ್ತಲಲ್ಲಿ ಹಸಿರು ಸೊಪ್ಪಿನ ಗುಡ್ಲು ಹಾಕಿದ್ರು, ಬಾಗಿಲಿಗೆ ಅಡ್ಡ ಒನಕೆ ಇಟ್ಟು ಒಳಗೆ ಕೂರಿಸಿದ್ರು. ಸೊಂಟ ಗಟ್ಟಿಯಾಗಲಿ ಅಂತ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಉಂಡೆ, ಕೊಬ್ಬರಿ, ತುಪ್ಪ ತಿನ್ನಿಸಿದ್ದೇ ತಿನ್ನಿಸಿದ್ದು. ಒಸಗೆ ದಿನ ಆರತಿ ಆಯ್ತು. ನಮ್ಮ ಮನೆತನದಲ್ಲಿ ಕೊನೆಗೊಂದು ಶಾಸ್ತ್ರ ಇದೆ. ಮನೆಯ ಹಿರೀ ಮುತ್ತೈದೆ ಅರಿಶಿನದ ಕೈನ ಹುಡುಗಿ ತಲೆ ಮೇಲೆ ಇಟ್ಟು, "ಇವತ್ತಿಗೆ ನಿನ್ನ ಕಣದ ಆಟ ಮುಗೀತು, ಇನ್ಮೇಲೆ ಹೊಸ್ತಿಲು ನೋಡ್ಕೊಂಡು ನಡಿ" ಅನ್ನಬೇಕು. ಹುಡುಗಿ "ಹೂಂ" ಅಂದು ಚಿಗಳಿ ಬಾಯಿಗೆ ಹಾಕ್ಕೋಬೇಕು. ನಾನು ಹೂಂ ಅಂದೆ, ಹಾಕ್ಕೊಂಡೆ. ಚಿಗಳಿ ಅಂದ್ರೆ ಪ್ರಾಣ ನಂಗೆ, ಆ ರುಚಿಯಲ್ಲಿ ಒಪ್ಪಿಕೊಂಡಿದ್ದು ಏನು ಅಂತಲೇ ಗೊತ್ತಾಗ್ಲಿಲ್ಲ. ಮಾರನೇ ದಿನ ಸಾಯಂಕಾಲ ಹಿತ್ತಲಿಂದ ಚಿನ್ನಿ ಹೊಡೆಯೋ ಸದ್ದು ಕೇಳಿದಾಗ ಗೊತ್ತಾಯ್ತು. ಅವತ್ತಿಂದ ಕಣಕ್ಕೆ ಹೋಗ್ತಿದ್ದಿದ್ದು ಆಳುಗಳಿಗೆ ಅಂಬಲಿ ಹೊತ್ಕೊಂಡು, ಅಷ್ಟೇ. ಅದೂ ರಾಶಿ ಹಾಕಿದ ಮೇಲೆ ಪೂಜೆ ಆಗೋವರೆಗೂ ಹೆಂಗಸರು ಹತ್ತಿರ ಸುಳಿಯೋ ಹಂಗಿರಲಿಲ್ಲ. ಅಂಚಲ್ಲೇ ನಿಂತು ಕೊಟ್ಟು ಬರೋದು.

ಈಗ ಮೊಮ್ಮಕ್ಕಳ ಸುದ್ದಿ. ನನ್ನ ಮಗನಿಗೆ ಅವಳಿ ಮಕ್ಕಳು. ಮೊದಲು ಮೊಮ್ಮಗಳು, ಹನ್ನೊಂದು ನಿಮಿಷಕ್ಕೆ ಮೊಮ್ಮಗ. ಎಂಟು ವರ್ಷ ಆಗೋವರೆಗೂ ಇಬ್ಬರಿಗೂ ಒಂದೇ ಕಣ, ಒಂದೇ ಧೂಳು, ಬಚ್ಚಲಲ್ಲಿ ಇಬ್ಬರ ಮೊಣಕಾಲಿನ ಮಣ್ಣೂ ಒಂದೇ. ಆಮೇಲೆ ಮನೇಲಿ ಕಾನೂನು ಬಂತು, ಯಾವತ್ತು ಬಂತು ಅಂತ ಹೇಳೋಕಾಗಲ್ಲ. ಒಂಬತ್ತಕ್ಕೆ "ಆ ಸಣ್ಣ ಚಡ್ಡಿ ಬೇಡ" ಅಂದ್ರು. ಹತ್ತಕ್ಕೆ "ಆರು ಗಂಟೆಗೆ ಒಳಗಿರಬೇಕು" ಅಂದ್ರು. ಹನ್ನೊಂದಕ್ಕೆ "ಒಬ್ಬಳೇ ಬೇಡ, ತಮ್ಮನ ಜೊತೆ ಹೋಗು" ಅಂದ್ರು. ಅದೇ ವಯಸ್ಸಲ್ಲಿ ಮೊಮ್ಮಗನ ಸಮಯ ಮಾತ್ರ ಏಳಾಯ್ತು, ಏಳೂವರೆ ಆಯ್ತು, ಸೈಕಲ್ ಹತ್ತಿ ವಿದ್ಯಾರಣ್ಯಪುರದವರೆಗೂ ಹೋಗಿ ಬರೋನು. ಅವನದು ಬೆಳೀತಾ ಹೋಯ್ತು, ಇವಳದು ಒಗೆದ ಬಟ್ಟೆ ಹಂಗೆ ಕುಗ್ತಾ ಬಂತು. ಅವಳು ಒಂದ್ಸಲ ಕೇಳಿದಳು, "ಅಪ್ಪ, ನಾನು ಇವನಿಗಿಂತ ದೊಡ್ಡೋಳು ತಾನೆ? ಮತ್ತೆ ಇವನಿಗ್ಯಾಕೆ ಏಳೂವರೆ, ನನಗ್ಯಾಕೆ ಆರು?"

ಮೊಮ್ಮಗ ಥಟ್ ಅಂತ, "ಹನ್ನೊಂದು ನಿಮಿಷಕ್ಕೆಲ್ಲ ದೊಡ್ಡೋಳು ಅಂತ ಲೆಕ್ಕಕ್ಕೆ ಬರಲ್ಲ ಕಣೇ" ಅಂದ.

"ಸರಿ, ಹಂಗಾದ್ರೆ ಆ ಹನ್ನೊಂದು ನಿಮಿಷ ಕಳ್ಕೊಂಡು ನಂಗೆ ಏಳು ಗಂಟೆ ಹತ್ತೊಂಬತ್ತು ನಿಮಿಷದವರೆಗೆ ಬಿಡಿ" ಅಂದಳು ಇವಳು.

ಎಲ್ಲ ನಕ್ಕರು. ಬಿಡ್ಲಿಲ್ಲ.

ಸ್ಕೂಲಲ್ಲಿ ಥ್ರೋಬಾಲ್ ಕಲಿತು ಬಂದ ಮೇಲೆ ಕಣದಲ್ಲಿ ಎರಡು ಗೂಟ ನೆಟ್ಟು ಬಲೆ ಕಟ್ಟಿಸಿದ್ದು ಇವಳೇ. ಬಾಲನ್ನ ಎರಡು ಕೈಯಲ್ಲಿ ಹಿಡೀಬೇಕು, ಒಂದು ಕೈಯಲ್ಲಿ ಬಲೆ ದಾಟಿಸಿ ಎಸೀಬೇಕು, ಕೈಯಲ್ಲಿ ಇಟ್ಕೊಂಡು ಯೋಚನೆ ಮಾಡ್ತಾ ನಿಲ್ಲೋ ಹಂಗಿಲ್ಲ. ನನಗೆ ಗೊತ್ತಿರೋದು ಇಷ್ಟು. ಇವಳು ಹಿಂದಿನ ಗೆರೆಯಿಂದ ಎಸೆದ ಬಾಲು ಬಲೆಗೆ ಎರಡು ಬೆರಳು ಮೇಲೆ ಹಾರಿ, ಆ ಕಡೆ ಹೋಗಿ ಕಲ್ಲು ಬಿದ್ದ ಹಂಗೆ ಬೀಳ್ತಿತ್ತು. ಮೊದಲ ಸಲ ನೋಡಿದಾಗ ನನ್ನ ಬಲಗೈ ತಾನಾಗೇ ಮುಷ್ಟಿ ಕಟ್ತು. ದಾಂಡು ಹಿಡಿದ ಕೈ, ಅದು ಮರೆಯುತ್ತಾ?

ಅಲ್ಲಾಳಸಂದ್ರದ ಕಡೆ ಒಂದು ಹುಡುಗೀರ ಟೀಮಿದೆ. ಅವರು ನಮ್ಮ ಕಣಕ್ಕೇ ಬಂದು ಮ್ಯಾಚ್ ಆಡೋದು ಅಂತ ಮಾತಾಯ್ತು. ನಮ್ಮ ಕಡೆ ಏಳು ಹುಡುಗೀರು, ಸರಿಯಾಗಿ ಏಳೇ, ಒಬ್ಬಳು ಹೆಚ್ಚಿಲ್ಲ. ಇವಳೇ ಕ್ಯಾಪ್ಟನ್. ಮ್ಯಾಚಿಗೆ ಇನ್ನೂ ಒಂದು ತಿಂಗಳಿದೆ ಅನ್ನೋವಾಗ ಮೊಮ್ಮಗಳು ದೊಡ್ಡವಳಾದಳು.

ನನ್ನ ಸಂಭ್ರಮ ಕೇಳಬೇಡಿ. ಕಾರನ್ನ ರೋಡಿಗೆ ಹಾಕಿಸಿ, ಪಾರ್ಕಿಂಗ್ ಜಾಗದಲ್ಲಿ ಗುಡ್ಲು ಹಾಕಿಸಿದೆ. ಅವಳ ಸೋದರಮಾವ ಯಲಹಂಕದ ಆಚೆಯಿಂದ ತೆಂಗಿನ ಗರಿ, ಅತ್ತಿ ಸೊಪ್ಪು ಟೆಂಪೋದಲ್ಲಿ ಹೇರ್ಕೊಂಡು ಬಂದ. ಮೇಲಿನ ಮನೆ ಬಾಡಿಗೆಯವರು ಇದೇನು ಅಂತ ಬಗ್ಗಿ ಬಗ್ಗಿ ನೋಡಿದ್ರು. ನಾನೇ ಒರಳಲ್ಲಿ ಚಿಗಳಿ ಕುಟ್ಟಿದೆ. ಮೊಮ್ಮಗನಿಗೆ ಮಾತ್ರ ಹೊಟ್ಟೆಕಿಚ್ಚು. "ಅವಳಿಗೆ ರೇಷ್ಮೆ ಲಂಗ, ಅವಳಿಗೆ ಚಿಗಳಿ, ಅವಳಿಗೆ ತುಪ್ಪ. ನಾನೂ ದೊಡ್ಡವನಾಗ್ತೀನಲ್ಲ, ನನಗೇನು?" ಅಂದ.

"ನಿನ್ಗೆ ಮೀಸೆ ಬರ್ಲಿ ಕಣ್ಲಾ, ಕನ್ನಡಿ ಮುಂದೆ ನಿಲ್ಸಿ ನಾನೇ ಆರತಿ ಎತ್ತುತೀನಿ" ಅಂದ್ರು ತಾತ.

ಒಸಗೆ ದಿನ ನೆಂಟರೆಲ್ಲ ಸೇರಿದ್ರು. ಆರತಿ ಆಯ್ತು. "ಹಿರೀರು ಬರ್ಲಿ" ಅಂತ ಯಾರೋ ನನ್ನ ಮುಂದಕ್ಕೆ ಕರೆದ್ರು. ನಾನು ಉಬ್ಬಿಕೊಂಡು ಹೋದೆ. ಅರಿಶಿನದ ಕೈನ ಅವಳ ತಲೆ ಮೇಲೆ ಇಟ್ಟೆ. ನನ್ನ ಬಾಯಿಂದ ಆ ಮಾತು ನೀರು ಹರಿದ ಹಂಗೆ ಬಂತು. "ಇವತ್ತಿಗೆ ನಿನ್ನ ಕಣದ ಆಟ ಮುಗೀತು, ಇನ್ಮೇಲೆ ಹೊಸ್ತಿಲು ನೋಡ್ಕೊಂಡು ನಡಿ."

ದೇವರಾಣೆ, ನಾನು ಯೋಚನೆ ಮಾಡಿ ಹೇಳಿದ್ದಲ್ಲ. ಮಂತ್ರದ ಥರ ಬಾಯಿಪಾಠ ಆಗಿತ್ತು. ನನ್ನ ಇಬ್ಬರು ಹೆಣ್ಮಕ್ಕಳಿಗೂ ಹೇಳಿದ್ದೆ. ಆದರೆ ಮೊಮ್ಮಗಳು ತಲೆ ಎತ್ತಿ ನನ್ನ ಕಣ್ಣನ್ನೇ ನೋಡಿದಳು. ಹೂಂ ಅನ್ನೋಕೆ ಒಂದು ಗಳಿಗೆ ತಡ ಮಾಡಿದಳು. ಸುತ್ತ ಹೆಂಗಸರು, "ಹೂಂ ಅನ್ನಮ್ಮ, ಹೂಂ ಅನ್ನು" ಅಂತ ಕೂಗಿದ್ರು. ಹೂಂ ಅಂದಳು. ಚಿಗಳಿ ಬಾಯಿಗೆ ಹಾಕ್ಕೊಂಡಳು, ಅಗೀಲಿಲ್ಲ. ಕೆನ್ನೆಯಲ್ಲಿ ಹಂಗೇ ಇತ್ತು.

ಮಾರನೇ ದಿನದಿಂದ ಅವಳು ಕಣಕ್ಕೆ ಇಳಿಯಲಿಲ್ಲ. ಯಾರೂ ತಡೀಲಿಲ್ಲ, ತಡೆಯೋ ಅಗತ್ಯವೇ ಬರಲಿಲ್ಲ. ನನ್ನ ಮಗನಿಗೆ ಒಳಗೊಳಗೇ ನೆಮ್ಮದಿ. ನೇರವಾಗಿ ಹೇಳೋಕೆ ಅವನಿಗೆ ಧೈರ್ಯ ಇರಲಿಲ್ಲ, ಅಮ್ಮ ಹೇಳಿಯಾಯ್ತಲ್ಲ! ಒಂದು ಸಂಜೆ ನಾನು ಒಣಗಿದ ಬಟ್ಟೆ ತರೋಕೆ ತಾರಸಿಗೆ ಹತ್ತಿದೆ. ಅವಳು ಅಲ್ಲಿದ್ದಳು. ಒದ್ದೆ ಟವೆಲ್ಲನ್ನ ಉಂಡೆ ಮಾಡಿ, ಹತ್ತು ಹೆಜ್ಜೆ ಹಿಂದೆ ನಿಂತು, ಬಟ್ಟೆ ತಂತಿ ಮೇಲಿಂದ ಆಚೆಗೆ ಎಸೀತಿದ್ದಳು. ಹೋಗಿ ತರೋಳು, ಮತ್ತೆ ಎಸೆಯೋಳು. ಕೆಳಗೆ ಕಣದಲ್ಲಿ ಮೊಮ್ಮಗ ಮತ್ತವನ ಗೆಳೆಯರು ಬಲೆ ಒಂದು ಪಕ್ಕಕ್ಕೆ ಸರಿಸಿ ಕ್ರಿಕೆಟ್ ಆಡ್ತಿದ್ರು.

"ಯಾಕಮ್ಮಿ, ಮ್ಯಾಚಿಲ್ವಾ? ಕೆಳಗೆ ಹೋಗಿ ಆಡಬಾರದಾ?" ಅಂದೆ.

"ನೀನೇ ಅಲ್ವಾ ಅಜ್ಜಿ ಹೇಳಿದ್ದು. ತಲೆ ಮೇಲೆ ಕೈ ಇಟ್ಟು."

"ಅದು ಶಾಸ್ತ್ರ ಕಣೆ."

"ಹಂಗಾದ್ರೆ ಸುಮ್ನೆ ಹೇಳಿದ್ದಾ? ನಾನು ಸುಮ್ನೆ ಹೂಂ ಅನ್ಲಿಲ್ಲ. ಎಲ್ಲರ ಮುಂದೆ ಅಂದಿದ್ದೀನಿ."

ಒಪ್ಪಿಕೊಂಡ ಮಾತಿಗೆ ನಿಲ್ಲಬೇಕು ಅಂತ ಇವಳಿಗೆ ಕಲಿಸಿದ್ದೂ ನಾನೇ. ಮ್ಯಾಚಿಗೆ ಎರಡು ವಾರ ಇತ್ತು. ಇವಳಿಲ್ಲದಿದ್ರೆ ಆರೇ ಜನ. ಆರು ಜನಕ್ಕೆ ಟೀಮಿಲ್ಲ, ಮ್ಯಾಚೂ ಇಲ್ಲ. ಮ್ಯಾಚ್ ಹೋದ್ರೆ ಹೋಗ್ಲಿ, ಇವಳು ಇನ್ನು ಜೀವಮಾನದಲ್ಲಿ ಆ ಕಣಕ್ಕೆ ಇಳೀಬೇಕಾದ್ರೆ ಅಂಬಲಿ ಹೊತ್ಕೊಂಡೇ ಇಳೀಬೇಕಾ? ಈಗ ಅಂಬಲಿನೂ ಇಲ್ಲ.

ಎರಡು ದಿನ ಯೋಚನೆ ಮಾಡಿದೆ. ಅರಿಶಿನದ ಕೈಯಲ್ಲಿ ಆಡಿದ ಮಾತನ್ನ "ಹೋಗ್ಲಿ ಬಿಡು, ಮರ್ತುಬಿಡು" ಅಂದ್ರೆ ಅದು ಕೇಳೋ ಹುಡುಗಿಯಲ್ಲ. ಹಂಗಂದ್ರೆ ನನ್ನ ಮಾತಿಗೆ ಇನ್ನು ಮುಂದೆ ಬೆಲೆನೂ ಇರಲ್ಲ. ಮೂರನೇ ದಿನ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕೋವಾಗ ಹೊಳೀತು. ನಮ್ಮಲ್ಲಿ ಹರಕೆ ತಪ್ಪಿದ್ರೆ, ದೇವರ ಮುಂದೆ ಆಡಿದ ಮಾತು ನಡೆಸೋಕಾಗದಿದ್ರೆ, ತಪ್ಪುಕಾಣಿಕೆ ಕಟ್ತೀವಿ. ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಗಂಟು ಹಾಕಿ, "ತಪ್ಪಾಯ್ತು" ಅಂತ ಮನೆದೇವರ ಮುಂದೆ ಇಡೋದು. ನಮ್ಮತ್ತೆ ಕಾಲದಿಂದ ಮಳೆ ಹರಕೆಗೆ, ಮಗುವಿನ ಮುಡಿ ಹರಕೆಗೆ ಎಷ್ಟು ಗಂಟು ಕಟ್ಟಿಲ್ಲ! ಇದಕ್ಕೆ ಕಟ್ಟಬಾರದು ಅಂತ ಎಲ್ಲಿದೆ?

ಸ್ನಾನ ಮಾಡಿ ಬಂದು ಎಲ್ಲರನ್ನೂ ದೇವರ ಮನೆ ಮುಂದೆ ಕರೆದೆ. ಮಗ ಆಫೀಸಿಗೆ ಹೊರಟಿದ್ದ, ಶೂ ಬಿಚ್ಚಿಸಿದೆ. ಎಲ್ಲರ ಮುಂದೆ ಗಂಟು ಕಟ್ಟಿದೆ. ಜೋರಾಗಿ ಹೇಳಿದೆ, "ಈ ಮಗೂಗೆ ಕಣದ ಆಟ ಮುಗೀತು ಅಂತ ನಾನು ಯೋಚನೆ ಇಲ್ಲದೆ ಅಂದುಬಿಟ್ಟೆ. ಆ ಮಾತು ವಾಪಸ್ ತಗೊಂಡಿದ್ದೀನಿ. ತಪ್ಪು ನಂದು, ಮಗೂದಲ್ಲ. ಒಪ್ಪಿಸ್ಕೊಳ್ಳಪ್ಪ."

ಮೊಮ್ಮಗಳು ಗಂಟನ್ನೇ ನೋಡ್ತಾ ನಿಂತಿದ್ದಳು.

ಮಗ ಮೊದಲು ನಕ್ಕ, ಆಮೇಲೆ ನಗೋ ವಿಷಯ ಅಲ್ಲ ಅಂತ ಗೊತ್ತಾಯ್ತು. "ಅಮ್ಮ, ನಿಂಗೆ ಗೊತ್ತಾಗಲ್ಲ. ಮುಂಚಿನ ಥರ ಅಲ್ಲ. ಕಾಲ ಸರಿ ಇಲ್ಲ."

"ಕಾಲ ಯಾವತ್ತಪ್ಪ ಸರಿ ಇತ್ತು? ನಾನು ಬಿಟ್ಟಾಗ್ಲೂ ನಮ್ಮಪ್ಪ ಇದೇ ಮಾತು ಅಂದಿದ್ದು."

"ಸುತ್ತ ಪಿ.ಜಿ.ಗಳು ಬಂದಿವೆ. ಕಾಂಪೌಂಡ್ ಮೇಲೆ ಯಾರ್ಯಾರೋ ಕೂತಿರ್ತಾರೆ, ಏನೇನೋ ಅಂತಾರೆ. ನಾಳೆ ಏನಾದ್ರೂ ಆದ್ರೆ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅಪ್ಪನ ಹೊಟ್ಟೆ ಸಂಕಟ ಅದು. ನಾನು, "ಕೂತಿರೋರಿಗೋಸ್ಕರ ಆಡೋಳು ಯಾಕೆ ಒಳಗಿರಬೇಕು? ಅವರು ಕೂತ್ರೆ ನಾನೂ ಕೂರ್ತೀನಿ. ದಿನಾ ಸಾಯಂಕಾಲ ಗುಂಡಿನ ಮೇಲೆ ನಾನಿರ್ತೀನಿ" ಅಂದೆ.

ಆಗ ನನ್ನ ಸೊಸೆ, ಯಾವತ್ತೂ ಜೋರಾಗಿ ಮಾತಾಡದವಳು, ಬಾಗಿಲಿಗೆ ಒರಗಿ ನಿಂತಿದ್ದವಳು ಹೇಳಿದಳು, "ಅತ್ತೆ, ನಾನು ಏಳನೇ ಕ್ಲಾಸವರೆಗೂ ಖೋಖೋ ಆಡ್ತಿದ್ದೆ. ನನ್ನ ಮುಟ್ಟೋಕೆ ಯಾರಿಗೂ ಆಗ್ತಿರಲಿಲ್ಲ." ಹದಿನಾರು ವರ್ಷದಿಂದ ಒಂದೇ ಒಲೆ ಮುಂದೆ ನಿಂತಿದ್ದೀವಿ, ಈ ಮಾತು ನಾನು ಕೇಳಿದ್ದು ಅವತ್ತೇ. ಮಗನೂ ಅವಳನ್ನ ತಿರುಗಿ ನೋಡಿದ.

ಯಜಮಾನರು ಪೇಪರ್ ಮಡಚಿ ಪಕ್ಕಕ್ಕಿಟ್ಟರು. "ನೋಡ್ಲಾ, ಒಂದು ಮಾತೇಳ್ತೀನಿ. ನಿಮ್ಮಮ್ಮ ಆಟ ಬಿಟ್ಟ ಮ್ಯಾಲೆ ನಾವು ಇನ್ನೂ ನಾಕು ವರ್ಸ ಆಡಿದ್ವಿ. ಆಮ್ಯಾಲೆ ಗೆದ್ದಿದ್ದೆಲ್ಲ ನಾನೇ. ಆದ್ರೆ ಚಿನ್ನಿ ಹುಣಸೆ ಮರ ದಾಟಿದ್ದು ನಾನು ಮತ್ತೆ ನೋಡ್ಲೇ ಇಲ್ಲ."

ಅಂತೂ ಒಪ್ಪಿಕೊಂಡ್ರು! ಮದುವೆಯಾಗಿ ಇಷ್ಟು ವರ್ಷಕ್ಕೆ! ದೇವರ ಮನೆ ಮುಂದೆ ನಿಂತು ನಾನು ಮದುವೆ ಹೆಣ್ಣಿನ ಥರ ನಾಚಿಕೊಂಡುಬಿಟ್ಟೆ.

ಮಗ ಶೂ ಹಾಕ್ಕೊಂಡ. "ಆರೂವರೆ. ಅಜ್ಜಿ ಇದ್ರೆ ಮಾತ್ರ" ಅಂದ. ಮೊಮ್ಮಗಳು "ಏಳು" ಅಂದಳು. "ಆರೂ ಮುಕ್ಕಾಲು" ಅಂದ. ಕೊಡಿಗೇಹಳ್ಳಿ ಮಾರ್ಕೆಟ್ಟಲ್ಲಿ ಸೊಪ್ಪಿನ ವ್ಯಾಪಾರ ಆದಂಗೆ ಆಗಿ ಕೊನೆಗೆ ಏಳಕ್ಕೆ ಬಂತು. ಅವಳು ಬಾಲ್ ಹಿಡ್ಕೊಂಡು ಓಡಿದ್ದು ನೋಡಬೇಕಿತ್ತು. ಸ್ಕೂಲಿಗೆ ಲೇಟಾಗಿದ್ದು ಅವಳಿಗೂ ನೆನಪಿಲ್ಲ, ನಮಗೂ ನೆನಪಿಲ್ಲ.

ಅವತ್ತು ಸಾಯಂಕಾಲದಿಂದ ನನ್ನ ಡ್ಯೂಟಿ ಶುರು. ಅವರೆಕಾಯಿ ಕಾಲ. ಒಂದು ಮೊರ ತುಂಬ ನೆನೆಸಿದ ಅವರೆಕಾಳು ತಗೊಂಡು ಹೋಗಿ ಗುಂಡಿನ ಮೇಲೆ ಕೂತು ಸಿಪ್ಪೆಯಿಂದ ಬೇಳೆ ಹಿತುಕೋದು. ಮುದುಕಿ ಬೇಳೆ ಹಿತುಕ್ತಾ ಕೂತಿದ್ರೆ ಯಾರೂ ಯಾಕೆ ಅಂತ ಕೇಳಲ್ಲ. ಆಗ ಒಂದು ಯೋಚನೆ ಬಂತು ನಂಗೆ. ಎಂಟು ವರ್ಷದ ಹುಡುಗಿ ಬಯಲಲ್ಲಿದ್ರೆ ಯಾರೂ ಕೇಳಲ್ಲ, ಅರವತ್ತೆಂಟರ ಮುದುಕಿ ಇದ್ರೂ ಯಾರೂ ಕೇಳಲ್ಲ. ಮಧ್ಯದಲ್ಲೇ ಎಲ್ಲರಿಗೂ ಪ್ರಶ್ನೆ ಹುಟ್ಟೋದು: ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ ವಾಪಸ್ಸು. ಗಂಡು ಹುಡುಗರಿಗೆ ಆ ಮಧ್ಯವೇ ಹಬ್ಬ. ನನ್ನ ಹತ್ತಿರ ಈಗ ಯಾರೂ ಕೇಳದ ವಯಸ್ಸಿದೆ, ಅದನ್ನ ಮೊಮ್ಮಗಳಿಗೆ ಒಂದು ಛತ್ರಿ ಥರ ಹಿಡಿದ್ರೆ ಏನು ನಷ್ಟ?

ಕಾಂಪೌಂಡ್ ಮೇಲೆ ಕೂರೋ ನಾಲ್ಕು ಜನ ಹುಡುಗರು ಮೊದಲ ದಿನವೇ ಬಂದ್ರು. ಒಬ್ಬ, "ಮಚ್ಚಾ, ಆ ನೀಲಿ ಟೀ ಶರ್ಟ್ ನೋಡೋ" ಅಂದ. ನೀಲಿ ಟೀ ಶರ್ಟ್ ನನ್ನ ಮೊಮ್ಮಗಳೇ.

"ಬನ್ರಪ್ಪ, ಇಲ್ಲಿ ಬನ್ನಿ. ಕೈ ಖಾಲಿ ಇದೆಯಲ್ಲ, ಈ ಕಾಳು ಹಿತುಕಿ ಕೊಡಿ" ಅಂತ ಕರೆದೆ.

"ಅಯ್ಯೋ ಬೇಡ ಅಜ್ಜಿ, ಹೋಗ್ಬೇಕು."

"ಈಗ ತಾನೆ ಬಂದ್ರಲ್ಲ, ಕೂತ್ಕೊಳ್ಳಿ. ಹೆಸರೇನಪ್ಪ? ನಿಮ್ಮಮ್ಮನ ನಂಬರ್ ಹೇಳು, ಮಗ ಎಷ್ಟು ಒಳ್ಳೇ ಕೆಲಸ ಮಾಡ್ತಿದಾನೆ ಅಂತ ಫೋನ್ ಮಾಡ್ತೀನಿ."

ಮೂರು ಜನ ಅವತ್ತೇ ಮಾಯ. ಒಬ್ಬ ಮಾತ್ರ ನಿಜವಾಗ್ಲೂ ಕೂತು ಒಂದು ಬಟ್ಟಲು ಹಿತುಕಿದ, ಪಾಪ. ಅವರಮ್ಮನ ಸಾರಿನ ನೆನಪಾಗುತ್ತೆ ಅಂದ. ಅವನಿಗೆ ಡಬ್ಬಿಯಲ್ಲಿ ಸಾರು ಕೊಟ್ಟು ಕಳಿಸಿದೆ. ಆಮೇಲೆ ಬಲೆ ಸಡಿಲ ಆದ್ರೆ ಬಿಗಿದು ಕಟ್ಟೋದು ಅವನೇ.

ಮೂರನೇ ದಿನ ಮೇಲಿನ ಮನೆ ಬಾಡಿಗೆಯವಳು ಇಳಿದು ಬಂದಳು. "ಆಂಟಿ, ನೀವು ದಿನಾ ಇರ್ತೀರಾ? ಹಂಗಾದ್ರೆ ನನ್ನ ಚಿಕ್ಕೋಳನ್ನೂ ಕಳಿಸ್ತೀನಿ." ಇಸ್ತ್ರಿ ಅಂಗಡಿಯವಳೂ ಅದನ್ನೇ ಕೇಳಿದಳು. ನಾಲ್ಕು ದಿನಕ್ಕೆ ಏಳು ಇದ್ದದ್ದು ಹನ್ನೊಂದಾಯ್ತು. ಹುಡುಗರಿಗೆ ಕ್ರಿಕೆಟ್ ಆಡೋಕೆ ಜಾಗ ಇಲ್ಲದಂಗಾಯ್ತು. ಮೊಮ್ಮಗ ಬಂದು ನನ್ನ ಮುಂದೆ ನಿಂತ. "ಅಜ್ಜಿ, ಇದು ಮೋಸ. ಕಣ ನಮ್ಮದು."

"ನಿಮ್ಮದು ಅಂತ ಯಾರಪ್ಪ ಹೇಳಿದ್ದು?"

"ಯಾವಾಗ್ಲೂ ನಾವೇ ಆಡೋದು."

"ಅದೇ ಮತ್ತೆ" ಅಂದೆ.

ಆಮೇಲೆ ಅವನೂ ಅಕ್ಕನೂ ಕೂತು ಮಾತಾಡಿ, ಆರು ಗಂಟೆವರೆಗೆ ಹುಡುಗರು, ಆರರಿಂದ ಏಳು ಬಿಲ್ಡಿಂಗುಗಳ ಲೈಟಿನ ಬೆಳಕಲ್ಲಿ ಹುಡುಗೀರು ಅಂತ ಮಾಡ್ಕೊಂಡ್ರು. ಅವನು "ಅಕ್ಕ" ಅಂತ ಕರೆದಿದ್ದು ಅವತ್ತೇ ಮೊದಲು. ಹನ್ನೊಂದು ನಿಮಿಷ ಕೊನೆಗೂ ಲೆಕ್ಕಕ್ಕೆ ಬಂತು.

ಭಾನುವಾರ ನಾಲ್ಕು ಗಂಟೆಗೆ ಅಲ್ಲಾಳಸಂದ್ರದವರು ಬಂದ್ರು. ಎಲ್ಲರೂ ಒಂದೇ ಬಣ್ಣದ ಟೀ ಶರ್ಟು, ಬೆನ್ನ ಮೇಲೆ ನಂಬರು, ಸೀಟಿ ಊದೋಕೆ ಒಬ್ಬ ಟೀಚರಮ್ಮ. ನಮ್ಮವರು ಒಬ್ಬೊಬ್ಬರು ಒಂದೊಂದು ಬಣ್ಣ, ಜಾತ್ರೆ ಬಲೂನಿನ ಹಂಗೆ. ನಾನು ಬೆಳಿಗ್ಗೆಯೇ ಚಿಗಳಿ ಕುಟ್ಟಿ ಡಬ್ಬಿ ತುಂಬಿಸಿದ್ದೆ. ಆಟಕ್ಕೆ ಮುಂಚೆ ಎರಡೂ ಟೀಮಿಗೆ ಹಂಚಿದೆ. ಮೊಮ್ಮಗಳು ನನ್ನ ಕೈಯಿಂದ ತಗೊಂಡು ಬಾಯಿಗೆ ಹಾಕ್ಕೊಂಡು, ನನ್ನನ್ನೇ ನೋಡ್ತಾ ಚೆನ್ನಾಗಿ ಅಗಿದು ನುಂಗಿದಳು. ನನಗೆ ಅಲ್ಲೇ ಹೊಟ್ಟೆ ತುಂಬಿತು.

ಆಟ ಹೆಂಗಾಯ್ತು ಅಂದ್ರೆ, ಮೊದಲ ಸುತ್ತಲ್ಲಿ ಅವರು ನಮ್ಮನ್ನ ಗುಡಿಸಿ ಹಾಕಿದ್ರು. ಎರಡನೇ ಸುತ್ತಲ್ಲಿ ನಮ್ಮವರಿಗೆ ಉರಿ ಹತ್ತಿತು. ಇವಳು ಗೆರೆ ಹಿಂದೆ ನಿಂತು ಎಸೆದದ್ದು ಒಂದಾದ ಮೇಲೊಂದು ಆ ಕಡೆ ಬಿದ್ದವು. ನಾನು ಗುಂಡಿನಿಂದ ಎದ್ದು ನಿಂತಿದ್ದು ನನಗೇ ಗೊತ್ತಿಲ್ಲ. ಪಕ್ಕದಲ್ಲಿ ನನ್ನ ಸೊಸೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, "ಎಡಕ್ಕೆ ಹಾಕೇ! ಎಡಕ್ಕೆ! ಅಲ್ಲಿ ಖಾಲಿ ಇದೆ!" ಅಂತ ಕಿರುಚ್ತಿದ್ದಳು. ನನ್ನ ಮಗ ಫೋನಲ್ಲಿ ವಿಡಿಯೋ ತೆಗೀತಿದ್ದ. ಆಮೇಲೆ ನೋಡಿದ್ರೆ ಅದರಲ್ಲಿ ಆಕಾಶ ಇದೆ, ಅವನ ಕೂಗು ಇದೆ, ಆಟ ಇಲ್ಲ. ಅಷ್ಟು ಕುಣಿದಿದ್ದಾನೆ.

ಹದಿಮೂರು ಹದಿನಾಲ್ಕು ಆಯ್ತು. ನಮ್ಮದು ಹದಿಮೂರು, ಹದಿನೈದಕ್ಕೆ ಸುತ್ತು ಮುಗಿಯೋದು, ಎರಡು ಸುತ್ತು ಗೆದ್ದೋರಿಗೆ ಆಟ. ಆ ಕಡೆಯಿಂದ ಬಾಲು ಬಂತು, ನೇರವಾಗಿ ಇವಳ ಕೈಗೇ. ಹಿಡಿದಳು. ಅದು ಜಾರಿ ಕೆಳಗೆ ಬಿತ್ತು. ಸೀಟಿ ಊದಿದ್ರು. ಮುಗೀತು.

ಅಳ್ತಾಳೆ, ಇನ್ನು ಆಡಲ್ಲ ಅಂತಾಳೆ ಅಂದ್ಕೊಂಡೆ. ಅವಳು ತನ್ನ ಎರಡು ಕೈನೂ ನೋಡ್ಕೊಂಡಳು. ಆಮೇಲೆ ಗೂಟ ಹಿಡ್ಕೊಂಡು ನಗೋಕೆ ಶುರು ಮಾಡಿದಳು. "ಬೆವರು ಕಣ್ರೇ, ಬೆಣ್ಣೆ ಥರ ಜಾರ್ತು!" ಅಂತ. ಹುಡುಗೀರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅಲ್ಲಾಳಸಂದ್ರದ ಕ್ಯಾಪ್ಟನ್ ಬಂದು, "ಮುಂದಿನ ಸಲ ನಮ್ಮ ಕಡೆ ಬನ್ನಿ, ಕೆರೆ ಪಕ್ಕ ಜಾಗ ಇದೆ" ಅಂತ ಕರೆದಳು. ಇವಳು ತಿರುಗಿ ತನ್ನ ಅಪ್ಪನ್ನ ನೋಡಿದಳು. ಅಪ್ಪ ನನ್ನನ್ನ ನೋಡಿದ. "ನಾನೇನೋ ಬರ್ತೀನಪ್ಪ, ಕೂರೋಕೆ ಅಲ್ಲೊಂದು ಕಲ್ಲಿದ್ರೆ ಸಾಕು" ಅಂದೆ. "ಕಾರಲ್ಲಿ ನಾನೇ ಕರ್ಕೊಂಡು ಹೋಗ್ತೀನಿ" ಅಂದ. ಈಗ ಹೇಳಿ, ಸೋತಿದ್ದು ಯಾರು?

ಬಂದವರು ಹೋದ ಮೇಲೂ ಬೆಳಕಿತ್ತು. ಮೊಮ್ಮಗಳು ಬಾಲ್ ತಂದು ನನ್ನ ಮಡಿಲಿಗೆ ಹಾಕಿದಳು. "ಅಜ್ಜಿ, ಒಂದು ಸರ್ವಿಸ್."

"ಹುಚ್ಚು ಹಿಡೀತಾ ನಿಂಗೆ?"

"ಹುಣಸೆ ಮರ ದಾಟ್ಸಿದ್ಯಂತೆ. ಬಲೆ ದಾಟ್ಸು ನೋಡೋಣ."

ಚಪ್ಪಲಿನ ಗುಂಡಿನ ಪಕ್ಕ ಬಿಟ್ಟೆ. ಕಣಕ್ಕೆ ಚಪ್ಪಲಿ ಹಾಕ್ಕೊಂಡು ಇಳೀಬಾರದು, ಅಷ್ಟು ಮಾತ್ರ ನಾನು ಬಿಡಲ್ಲ. ಬರಿಗಾಲಿಗೆ ಮಣ್ಣು ತಣ್ಣಗೆ ಹತ್ತಿತು. ಅಂಚು ದಾಟಿ ಮಧ್ಯಕ್ಕೆ ಹೋದೆ. ಮೊದಲನೇದು ಬಲೆಗೇ ಸಿಕ್ಕಿ ಬಿತ್ತು. "ಮೊಣಕೈ ಮೇಲಕ್ಕೆ ಅಜ್ಜಿ!" ಅಂದಳು. ಎರಡನೇದಕ್ಕೆ ಸೆರಗು ಸಿಕ್ಕಿಸಿ, ಮೊಣಕೈ ಎತ್ತಿ ಬೀಸಿದೆ. ದಾಟಿತು! ದಾಟಿ ಆ ಕಡೆ, ಅದೇ ಹೊತ್ತಿಗೆ ನನ್ನ ಕರೆಯೋಕೆ ಅಂತ ಬಂದಿದ್ದ ಯಜಮಾನರ ಹತ್ತಿರ ಹೋಯ್ತು. ಅವರು ಎರಡೂ ಕೈ ಚಾಚಿದ್ರು, ಬಾಲು ಅವರ ಹೊಟ್ಟೆಗೆ ಬಡಿದು ಕೆಳಗೆ ಬಿತ್ತು.

"ಸೋತ್ರಿ! ಕುಂಟ್ಕೊಂಡು ಕಣ ಸುತ್ತಬೇಕು!" ಅಂತ ಕೂಗಿದೆ. ಮಕ್ಕಳೆಲ್ಲ ಚಪ್ಪಾಳೆ ಹೊಡೆದ್ರು. ಯಜಮಾನರು ಪಂಚೆ ಎತ್ತಿ ಕಟ್ಟಿ, ಮೊಮ್ಮಗನ ಭುಜ ಹಿಡ್ಕೊಂಡು ಸರಿಯಾಗಿ ಮೂರು ಹೆಜ್ಜೆ ಕುಂಟಿದ್ರು. ಆಮೇಲೆ ಮೊಣಕಾಲು ಹಿಡ್ಕೊಂಡು, "ಮಿಕ್ಕಿದ್ದು ನಾಳೆಗೆ. ಒತ್ತು ಮುಳುಗ್ತು, ದೀಪ ಅಚ್ಬೇಕು. ಬಾ ಒಳೀಕೆ" ಅಂದ್ರು.

ಬಾಲು ಮತ್ತೆ ನನ್ನ ಕೈಗೆ ಬಂದಿತ್ತು. ನಾನು ತಿರುಗಿ ನೋಡ್ಲಿಲ್ಲ.

"ಇನ್ನೊಂದೇ ಆಟ ಕಣ್ರೀ!" ಅಂದೆ.